ಬಿಸಿ ಅನಿಲದೊಳಗೆ ಸಿಕ್ಕ ಕಬ್ಬಿಣ

ಅತ್ತೆಯವರಿಗೆ ನಮಸ್ಕಾರ, ನನ್ನ ಪುಟ್ಟಿಗೆ ಮುತ್ತು.

ನಕ್ಷತ್ರಗಳು ರಾಶಿ ರಾಶಿಯಾಗಿ ಹುಟ್ಟುವ ಗ್ಯಾಲಕ್ಸಿಯೊಂದರಿಂದ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ಹೊರನುಗ್ಗುತ್ತಿದೆ. ಅದರ ಎಕ್ಸ್‌-ರೇ ಗ್ರಾಫಿನಲ್ಲಿ ನನಗೆ ಒಂದು ಸಣ್ಣ ಏರು ಕಂಡಿತು, ಅನಿಲದಲ್ಲಿ ಕಬ್ಬಿಣವಿದ್ದರೆ ಕಾಣುವಂಥದ್ದು. "ಯಂತ್ರದ ದೋಷ, ಬಿಟ್ಬಿಡಮ್ಮ" ಎಂದರು ನಮ್ಮ ಪ್ರೊಫೆಸರ್. ಮನಸ್ಸು ಒಪ್ಪದೆ, ಮೂರು ವಾರ ಪಟ್ಟು ಹಿಡಿದು ಮತ್ತೆ ಮತ್ತೆ ಪರೀಕ್ಷಿಸಿದೆ. ಇವತ್ತು ಅವರೇ ಬಂದು, ಕನ್ನಡಕ ಒರೆಸಿಕೊಂಡು ನೋಡಿ, "ಕಬ್ಬಿಣವೇ ಕಣಮ್ಮ! ನಂದೇ ತಪ್ಪು" ಎಂದರು. ನಕ್ಷತ್ರಗಳು ಸಿಡಿದಾಗ ಚೆಲ್ಲಿದ ಕಬ್ಬಿಣ ಅದು, ಅತ್ತೆ!

ನೀವು "ಮಗೂನ ನಾನ್ ನೋಡ್ಕೋತೀನಿ, ನೀ ಹೋಗು" ಎನ್ನದಿದ್ದರೆ ನಾನೆಲ್ಲಿ ಇಲ್ಲಿಗೆ ಬರುತ್ತಿದ್ದೆ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡಿ.

ಕಾಗದದಲ್ಲಿ ಜಾಗ ಮುಗಿಯಿತು. ಈ ಸುದ್ದಿ ನಿಮ್ಮ ಮಗನಿಗೂ ಇನ್ನೂ ಹೇಳಿಲ್ಲ, ನೀವೇ ಹೇಳಿ.

ನಿಮ್ಮ ಸೊಸೆ