ಇಬ್ಬರು ಮಕ್ಕಳಿಗೆ ಒಬ್ಬಳ ಮಾತ್ರೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ನಮ್ಮ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕನ ಮಗಳಿಗೆ ನೀವು ಪುಕ್ಕಟೆ ಕೊಡುವ ಮೂರ್ಛೆರೋಗದ ಮಾತ್ರೆಯನ್ನು ತಪ್ಪದೆ ತಲುಪಿಸುತ್ತಿದ್ದೇನೆ. ಆದರೂ ಮಗುವಿಗೆ ಮತ್ತೆ ಫಿಟ್ಸ್ ಬಂತು. ಅಕ್ಕ ಅರ್ಧ ಮಾತ್ರೆಯನ್ನು ಪಕ್ಕದ ಮನೆಯ ಹುಡುಗನಿಗೆ ಕೊಡುತ್ತಿದ್ದಳಂತೆ. ಅವನಿಗೂ ಅದೇ ಕಾಯಿಲೆ; ಕೊಂಡುಕೊಳ್ಳುವ ಶಕ್ತಿ ಅವರಿಗಿಲ್ಲ. ನಿನ್ನೆ ಅವನೂ ಫಿಟ್ಸ್ ಬಂದು ಬಿದ್ದ.

ನಾನು ಅಕ್ಕನ ಮೇಲೆ ರೇಗಿದೆ. "ಇರೋದನ್ನ ಹಂಚ್ಕೊಳ್ಳಿ ಅಂತ ಬೀದೀಲಿ ನಿಂತು ಗಂಟಲು ಹರ್ಕೊಂಡೋನು ನೀನೇ ಅಲ್ವೇನಪ್ಪಾ?" ಎಂದಳು. ಹಂಚುತ್ತಿದ್ದ ಕರಪತ್ರಗಳ ಕಟ್ಟನ್ನು ಹಿಡಿದುಕೊಂಡೇ ನೇರ ನಿಮ್ಮಲ್ಲಿಗೆ ಬಂದೆ.

ಔಷಧಕ್ಕೆ ಬೆಲೆ ಕಟ್ಟುವ ಈ ವ್ಯವಸ್ಥೆಯನ್ನೇ ಮುರಿಯಬೇಕು, ಆದರೆ ಅದು ತಡವಾಗುತ್ತದೆ. ಅಲ್ಲಿಯವರೆಗೆ ಆ ಹುಡುಗನಿಗೂ ಮಾತ್ರೆ ಕೊಡಿ. ಆಗದಿದ್ದರೆ, ಹಂಚಬೇಡವೆಂದು ಅಕ್ಕನಿಗೆ ದಯವಿಟ್ಟು ನೀವೇ ಬಂದು ಹೇಳಿ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ಹುಡುಗನ ತಾಯಿಯೂ ಅಕ್ಕನ ಪಕ್ಕದಲ್ಲೇ ಕೂತಿರುತ್ತಾಳೆ.

ನಿಮ್ಮ ವರಾಂಡದಲ್ಲೇ ಕಾಯುತ್ತಿರುವ,
ಕರಪತ್ರದವನು