ಸೊನ್ನೆಯಲ್ಲಿ ತಿರುಗದ ರೇಖೆ

ಅಕ್ಷತಾ,

ನನ್ನನ್ನು ಒಂದು ಮಾತೂ ಕೇಳದೆ ಹೆಬ್ಬೂರಿನ ನಮ್ಮ ಉಚಿತ ಗಣಿತ ತರಗತಿಗೆ ಸಂತೋಷನನ್ನು ಕರೆತಂದದ್ದು ತಪ್ಪು. ಅವನು ಶಿರಾ ಗೇಟ್‌ನಲ್ಲಿ ದುಡ್ಡಿಗೆ ಟ್ಯೂಷನ್ ನಡೆಸುವವನು. ಪಾಠ ಮಾರುವ ಸರಕಲ್ಲ ಎಂದು ನಮ್ಮ ಕರಪತ್ರದ ಮೊದಲ ಸಾಲಿನಲ್ಲೇ ಅಚ್ಚು ಹಾಕಿಸಿದವರು ನಾವಿಬ್ಬರು.

ರೇಖೆಯ ಏರಿಳಿತ ಅಳೆಯುವ ಡೆರಿವೇಟಿವ್ ಸೊನ್ನೆಯಾದ ಕಡೆಯಲ್ಲೆಲ್ಲ ರೇಖೆ ತಿರುಗುತ್ತದೆ ಎಂದು ಅದೇ ಕರಪತ್ರದಲ್ಲಿ ನಾನು ಬರೆದಿದ್ದೆ. ಅವನು ಬೋರ್ಡಿನ ಮೇಲೆ ಎಕ್ಸ್ ಕ್ಯೂಬ್‌ನ ರೇಖೆ ಎಳೆದ. ಸೊನ್ನೆಯಲ್ಲಿ ಅದರ ಡೆರಿವೇಟಿವ್ ಸೊನ್ನೆಯೇ. ಆದರೆ ಆಚೆ ಈಚೆ ಎರಡೂ ಕಡೆ ಡೆರಿವೇಟಿವ್ ಪ್ಲಸ್ ಇರುವುದರಿಂದ ರೇಖೆ ತಿರುಗದೆ ಏರುತ್ತಲೇ ಹೋಗುತ್ತದೆ.

ಆಗ ನೀನು ಮಕ್ಕಳೆದುರಿಗೇ, "ಈಗ ತಲೆಗೆ ಹೋಯ್ತು ನೋಡೋ ಸಂತೋಷ. ಈ ಚನ್ನೇಶ ಎರಡು ವರ್ಷದಿಂದ ತಪ್ಪೇ ಹೇಳ್ಕೊಟ್ಟವ್ನೆ ಕಣೋ," ಎಂದು ನಕ್ಕೆ. ಈ ಎರಡು ವರ್ಷದಲ್ಲಿ ನನ್ನ ಯಾವ ಪಾಠಕ್ಕೂ ನೀನು ಹಾಗೆ ನಕ್ಕಿದ್ದಿಲ್ಲ.

ಮೂರು ದಿನ ಕೂತು ಅವನ ಲೆಕ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ತಪ್ಪು ನನ್ನದೇ. ಗುಬ್ಬಿ, ಕುಣಿಗಲ್ ಹಾಸ್ಟೆಲ್‌ಗಳಿಗೆ ಕರಪತ್ರದ ಇನ್ನೂರು ಪ್ರತಿ ಕೊಟ್ಟಿದ್ದೇವೆ. ಪರೀಕ್ಷೆಗೆ ಮೊದಲು ಪ್ರತಿಯೊಂದನ್ನೂ ಕೈಯಾರೆ ತಿದ್ದಬೇಕು. ತಿದ್ದಿದ ಸಾಲಿನ ಕೆಳಗೆ ಸಂತೋಷನ ಹೆಸರು ಇರಬೇಕು. ಅದು ನ್ಯಾಯ. ಅದನ್ನು ನಾನೇ ಬರೆಯುತ್ತೇನೆ, ಇನ್ನೂರು ಸಲವೂ.

ಆದರೆ ಅವನನ್ನು ಕರೆತರಬೇಡ. ಇದು ಇಬ್ಬರ ಕೆಲಸ. ನೀನೊಬ್ಬಳೇ ಬಾ, ಎರಡು ಕೆಂಪು ಪೆನ್ನು ತಾ.

ಭಾನುವಾರ ಬೆಳಿಗ್ಗೆ ಏಳೂವರೆಗೆ, ಗುಬ್ಬಿ ಬಸ್ ನಿಲ್ದಾಣದಲ್ಲಿ.

ಚನ್ನೇಶ