ಮೊಡವೆ ಪಾಠಕ್ಕೆ ನನ್ನ ಮುಖ

ಮಾರ್ಚ್ ೧೧, ಮಂಗಳವಾರ

ಸುಸ್ತು. ಮುಖ ತೊಳೆಯೋಕೂ ಬೇಜಾರು. ತೊಳೆದರೆ ಕನ್ನಡಿ ನೋಡಬೇಕಾಗುತ್ತೆ.

ಇವತ್ತು ಬ್ಯೂಟಿಷಿಯನ್ ಕ್ಲಾಸಿನಲ್ಲಿ ಮೊಡವೆ ಪಾಠ. ಚಾರ್ಟ್ ಹರಿದುಹೋಗಿದೆ ಅಂತ ಮೇಡಂ ನನ್ನನ್ನೇ ಕುರ್ಚಿಗೆ ಒರಗಿಸಿ, ಭೂತಗನ್ನಡಿಯ ದೀಪ ಹಾಕಿದರು. "ಬ್ಲಾಕ್‌ಹೆಡ್, ವೈಟ್‌ಹೆಡ್, ಕೀವಿನ ಗುಳ್ಳೆ, ಕಲೆ, ಎಲ್ಲಾ ಒಂದೇ ಮುಖದಲ್ಲಿ! ನಮ್ಮ ಪುಣ್ಯ ಕಣ್ರೇ." ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ಒಬ್ಬೊಬ್ಬರೇ ಬಗ್ಗಿ, ಹತ್ತಿಕಡ್ಡಿಯಿಂದ ತೋರಿಸಿ ಹೆಸರು ಒಪ್ಪಿಸಿದರು. ಗಲ್ಲದ ಮೇಲಿರುವುದು ಯಾವುದು ಅಂತ ಇಬ್ಬರು ಜಗಳವನ್ನೂ ಆಡಿದರು. ನಾನು ಫ್ಯಾನ್ ನೋಡುತ್ತಾ ಬಿದ್ದಿದ್ದೆ.

ಅದಕ್ಕೆ ಸ್ವಲ್ಪ ಮುಂಚೆ ಇದೇ ಮೇಡಂ ಬರೆಸಿದ್ದರು: ಗಿರಾಕಿಯ ಚರ್ಮದ ತೊಂದರೆಯನ್ನು ನಾಲ್ಕು ಜನರೆದುರು ಆಡಬಾರದು. ನಾನು ಗಿರಾಕಿ ಅಲ್ಲವಲ್ಲ.

ಕೊನೆಗೆ ಬಂದವರು ಹಿಂದಿನ ಬೆಂಚಿನ ಅಕ್ಕ, ಎರಡು ಮಕ್ಕಳ ತಾಯಿ. ಅವರು ಯಾವ ಹೆಸರನ್ನೂ ಹೇಳಲಿಲ್ಲ. ದೀಪ ಪಕ್ಕಕ್ಕೆ ಸರಿಸಿ, "ನೋಯುತ್ತೇನಮ್ಮಾ?" ಅಂದರು.

ಇಷ್ಟು ವರ್ಷ ಅದು ಹಚ್ಚು, ಇದು ತಿನ್ನಬೇಡ ಅಂದವರೇ ಎಲ್ಲ. ಇದನ್ನು ಯಾರೂ ಕೇಳಿರಲಿಲ್ಲ. ಇಲ್ಲ ಅಂತ ತಲೆಯಾಡಿಸಿಬಿಟ್ಟೆ.

ನೋಯುತ್ತೆ ಅಕ್ಕ. ದಿಂಬಿಗೆ ಕೆನ್ನೆ ಇಟ್ಟರೂ ನೋಯುತ್ತೆ.